ನಾಯಿಯ ತೊಡೆಸಂದಿ ಕೆಂಪಾದಾಗ: ಮುಲಾಮಿಗೂ ಮೊದಲು ನಾಲಿಗೆಯ ಲೆಕ್ಕ

ಬೆನ್ನ ಮೇಲೆ ತರಚುಗಾಯವಾದರೆ ನಾಯಿಗೆ ಅಲ್ಲಿಗೆ ಬಾಯಿ ಹಾಕುವುದು ಕಷ್ಟ. ಹಚ್ಚಿದ ಮುಲಾಮು ಹಚ್ಚಿದಲ್ಲೇ ಉಳಿಯುತ್ತದೆ. ತೊಡೆಸಂದು, ವೃಷಣದ ಚೀಲ, ಶಿಶ್ನದ ಮುಂದೊಗಲು, ಹೆಣ್ಣುನಾಯಿಯ ಯೋನಿಯ ಸುತ್ತಲಿನ ಮಡಿಕೆ, ಗುದದ ಅಂಚು, ಕಾಲ್ಬೆರಳ ಸಂದಿ ಹಾಗಲ್ಲ. ಚರ್ಮ ತೀರಾ ತೆಳುವಾಗಿರುವ ಜಾಗಗಳೂ ಇವೇ, ನಾಲಿಗೆಗೆ ಸಲೀಸಾಗಿ ಎಟುಕುವ ಜಾಗಗಳೂ ಇವೇ. ಹಾಗಾಗಿ ಇಲ್ಲಿ ಹಚ್ಚುವ ಏನನ್ನೇ ಆದರೂ ನಾಯಿಗೆ ತಿನ್ನಿಸುತ್ತಿದ್ದೇವೆ ಎಂದೇ ಎಣಿಸಬೇಕು. ಈ ಒಂದು ಮಾತು ನೆನಪಿದ್ದರೆ ಏನು ಮಾಡಬೇಕು, ಏನು ಕೂಡದು ಎಂಬುದರಲ್ಲಿ ಅರ್ಧದಷ್ಟು ತಾನಾಗಿಯೇ ಇತ್ಯರ್ಥವಾಗುತ್ತದೆ.

ಈ ಜಾಗಗಳೇ ಯಾಕೆ?

ಮನುಷ್ಯರ ಚರ್ಮದ ಹೊರಪದರದಲ್ಲಿ ಜೀವಕೋಶಗಳ ಸಾಲು ಸಾಮಾನ್ಯವಾಗಿ 10ರಿಂದ 15 ಇರುತ್ತದೆ. ನಾಯಿಯಲ್ಲಿ ಅದು 3ರಿಂದ 5. ಆ ಕೊರತೆಯನ್ನು ತುಂಬುವುದು ಮೈಮೇಲಿನ ಕೂದಲು. ತೊಡೆಸಂದಿಯಲ್ಲಿ, ಹೊಟ್ಟೆಯ ಕೆಳಗೆ, ಕಂಕುಳಲ್ಲಿ ಕೂದಲೂ ವಿರಳ. ಹುಲ್ಲು, ಧೂಳು, ನೆಲ ಒರೆಸಿದ ದ್ರಾವಣದ ಪಸೆ ಎಲ್ಲವೂ ನೇರವಾಗಿ ಬರಿ ಚರ್ಮಕ್ಕೆ ತಾಗುತ್ತವೆ. ಇನ್ನು ಆಮ್ಲೀಯತೆಯ ವಿಷಯ. ನಮ್ಮ ಚರ್ಮದ ಪಿಎಚ್ ಸುಮಾರು 5.5, ಅಂದರೆ ತುಸು ಹುಳಿಯ ಕಡೆಗೆ. ನಾಯಿಯದು 7ರ ಆಸುಪಾಸು. ನಮಗಾಗಿ ತಯಾರಾದ ಸೋಪು, ಶಾಂಪೂ ಎಷ್ಟೇ ಸೌಮ್ಯವೆಂದರೂ ಆ ಚರ್ಮದ ಲೆಕ್ಕಕ್ಕೆ ಮಾಡಿದ್ದಲ್ಲ.

ನಾಯಿಯ ಚರ್ಮದ ಮೇಲೆ ಸ್ಟೆಫೈಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯಾ ಎಂಬ ಯೀಸ್ಟ್ ಯಾವಾಗಲೂ ಇದ್ದೇ ಇರುತ್ತವೆ. ಆರೋಗ್ಯವಂತ ಚರ್ಮದಲ್ಲಿ ಅವುಗಳಿಂದ ತೊಂದರೆಯಿಲ್ಲ. ಒಂದು ಮಡಿಕೆ ಸದಾ ಒದ್ದೆಯಾಗಿದ್ದು, ಬೆಚ್ಚಗಿದ್ದು, ಚರ್ಮಕ್ಕೆ ಚರ್ಮ ಉಜ್ಜುತ್ತಿದ್ದರೆ ಅವು ಮಿತಿಮೀರಿ ಬೆಳೆಯುತ್ತವೆ. ಬೆಳೆದಾಗ ನವೆ, ನವೆಯಾದಾಗ ನೆಕ್ಕುವಿಕೆ, ನೆಕ್ಕಿದಾಗ ಇನ್ನಷ್ಟು ಒದ್ದೆ. ಮೊದಲು ಶುರುವಾದದ್ದು ಒಂದು ಸೊಳ್ಳೆ ಕಡಿತದಿಂದಲೇ ಇರಬಹುದು. ಮೂರನೆಯ ದಿನದ ಹೊತ್ತಿಗೆ ಆ ಕಡಿತಕ್ಕೂ ಕಾಣುತ್ತಿರುವ ಹುಣ್ಣಿಗೂ ಸಂಬಂಧವೇ ಉಳಿದಿರುವುದಿಲ್ಲ. ನಾಯಿಯ ಎಂಜಲು ಗಾಯ ಮಾಯಿಸುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಎಂಜಲಿನಲ್ಲಿ ಸೋಂಕುನಿವಾರಕ ಅಂಶ ಒಂದಿಷ್ಟು ಇರುವುದು ನಿಜ, ಆದರೆ ಒರಟು ನಾಲಿಗೆ ದಿನಕ್ಕೆ ನೂರಾರು ಸಲ ಉಜ್ಜಿದರೆ ಆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಎಲ್ಲಿ ಕೆಂಪಾಗಿದೆ ಎಂಬುದೇ ಅರ್ಧ ಉತ್ತರ

ಪಶುವೈದ್ಯರು ಮೊದಲು ಕೇಳುವುದು ಎಷ್ಟು ಕೆಂಪಾಗಿದೆ ಎಂದಲ್ಲ, ಎಲ್ಲೆಲ್ಲಿ ಕೆಂಪಾಗಿದೆ ಎಂದು. ಹಗಲ ಬೆಳಕಿನಲ್ಲಿ ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಹೊಟ್ಟೆಯಿಂದ ಬಾಲದವರೆಗೆ, ಕಿವಿಯ ಒಳಮೈ ಮತ್ತು ನಾಲ್ಕೂ ಪಾದಗಳನ್ನು ಸೇರಿಸಿ ನೋಡಬೇಕು. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ನಾಳೆ ಹೋಲಿಸಲು ಸಿಗುತ್ತದೆ. ನೆನಪು ಇಂಥ ವಿಷಯದಲ್ಲಿ ನೆಚ್ಚುವಂಥದ್ದಲ್ಲ.

ನೆಲಕ್ಕೆ ತಾಗುವ ಭಾಗ ಮಾತ್ರ, ಅಂದರೆ ಹೊಟ್ಟೆಯ ಕೆಳಗೆ, ವೃಷಣದ ಚೀಲ, ಪಾದದ ಅಡಿ ಕೆಂಪಾಗಿದ್ದರೆ ಯಾವುದೋ ವಸ್ತುವಿನ ಸ್ಪರ್ಶದಿಂದ ಆದದ್ದಿರಬಹುದು. ಹೊಸ ನೆಲದ ಕ್ಲೀನರ್, ಹಾಸಿಗೆ ಒಗೆದ ಪುಡಿ, ಗೊಬ್ಬರವೋ ಕಳೆನಾಶಕವೋ ಸಿಂಪಡಿಸಿದ ಹುಲ್ಲು ಇವುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಕಂಕುಳು, ತೊಡೆಸಂದಿಯ ಜೊತೆಗೆ ಪಾದ, ಕಿವಿ, ಮೂತಿಯಲ್ಲೂ ನವೆ ಇದ್ದು, ಅದು ಮತ್ತೆ ಮತ್ತೆ ಬರುತ್ತಿದ್ದರೆ ಅಲರ್ಜಿಯ ಗುಮಾನಿ ಬಲವಾಗುತ್ತದೆ. ಪರಿಸರದ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಮೊದಲ ಬಾರಿ ತಲೆಯೆತ್ತುತ್ತದೆ. ಬಾಲದ ಬುಡ ಮತ್ತು ಸೊಂಟದ ಹಿಂಭಾಗದಲ್ಲಿ ಕೆರೆತ ಜಾಸ್ತಿಯಿದ್ದರೆ ಚಿಗಟ ಹುಡುಕಿ. ಚಿಗಟ ಸಿಗದಿದ್ದರೂ ಒದ್ದೆ ಬಿಳಿ ಕಾಗದದ ಮೇಲೆ ಬಾಚಿದಾಗ ಉದುರಿದ ಕಪ್ಪು ಚುಕ್ಕೆಗಳು ಕೆಂಗಂದು ಬಣ್ಣಕ್ಕೆ ಕರಗಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಉಣ್ಣಿಗಳಿಗೂ ತೊಡೆಸಂದಿ, ಕಂಕುಳು, ಬೆರಳ ಸಂದಿ ಬಲು ಇಷ್ಟ. ಎಷ್ಟೋ ಸಲ ಗಂಟು ಎಂದುಕೊಂಡದ್ದು ರಕ್ತ ಕುಡಿದು ಉಬ್ಬಿದ ಉಣ್ಣಿ. ಹಾಗೆಯೇ, ಗಂಡುನಾಯಿಯ ಹೊಟ್ಟೆಯ ಮೊಲೆತೊಟ್ಟುಗಳನ್ನು ಉಣ್ಣಿಯೆಂದು ತಿಳಿದು ಕೀಳಲು ಹೋಗುವವರೂ ಇದ್ದಾರೆ. ಗಂಡಿಗೂ ಮೊಲೆತೊಟ್ಟು ಇರುತ್ತದೆ, ದಯವಿಟ್ಟು ಮೊದಲು ನೋಡಿ.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ, ಹೊಟ್ಟೆ ಇಷ್ಟರಲ್ಲೂ ರಾತ್ರಿ ನಿದ್ದೆ ಬಿಡಿಸುವಂಥ ತುರಿಕೆ ಇದ್ದರೆ ಸಾರ್ಕೊಪ್ಟಿಕ್ ಕಜ್ಜಿ ಇರಬಹುದು. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯಿಂದ ಬರುವ ಈ ಕಜ್ಜಿ ಮನೆಯವರಿಗೂ ಅಂಟುತ್ತದೆ. ನಾಯಿಯ ಜೊತೆಗೆ ಅದನ್ನು ಎತ್ತಿಕೊಳ್ಳುವವರ ತೋಳು, ಹೊಟ್ಟೆಯಲ್ಲೂ ಕೆಂಪು ಗುಳ್ಳೆ ಎದ್ದರೆ ಮನೆಮದ್ದಿಗೆ ಕಾಯಬಾರದು.

ಬಣ್ಣ, ವಾಸನೆಯೂ ಸುಳಿವು ಕೊಡುತ್ತವೆ. ಸಣ್ಣ ಕೀವುಗುಳ್ಳೆ ಒಡೆದು, ಸುತ್ತ ಒಣ ಸಿಪ್ಪೆಯ ಉಂಗುರ ಉಳಿದಿದ್ದರೆ ಬ್ಯಾಕ್ಟೀರಿಯಾದ ಕೆಲಸ. ಜಿಡ್ಡು ಜಿಡ್ಡಾಗಿ, ಹುಳಿಬಂದಂಥ ಘಾಟು ವಾಸನೆಯಿದ್ದು, ಚರ್ಮ ದಪ್ಪವಾಗಿ ಬೂದುಗಪ್ಪಾಗಿದ್ದರೆ ಯೀಸ್ಟ್ ಎಂದು ಊಹಿಸಬಹುದು. ಎರಡೂ ಒಟ್ಟಿಗೆ ಇರುವುದೇ ಹೆಚ್ಚು, ಆದ್ದರಿಂದ ಊಹೆ ಊಹೆಯೇ. ತಿಳಿಬಣ್ಣದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಎಂಜಲಿನಲ್ಲಿರುವ ಪಾರ್ಫಿರಿನ್ ಎಂಬ ವರ್ಣದ್ರವ್ಯದ ಕಲೆ. ನೀವು ನೋಡದ ಹೊತ್ತಿನಲ್ಲಿ ನಾಯಿ ಅಲ್ಲಿ ನೆಕ್ಕುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಬಾಲದಡಿ ಕೆಂಪಾಗಿ, ನಾಯಿ ಕುಂಡೆಯನ್ನು ನೆಲಕ್ಕೆ ಉಜ್ಜುತ್ತಾ ಸಾಗಿದರೆ ಹುಳುವಿನ ಬಾಧೆ ಎಂದು ಜನ ಮೊದಲು ಭಾವಿಸುತ್ತಾರೆ. ಇರಬಹುದು, ಆದರೆ ಗುದದ ಗ್ರಂಥಿಗಳೇ ಕಾರಣವಾಗಿರುವುದು ಹೆಚ್ಚು. ಗುದವನ್ನು ಗಡಿಯಾರದ ಮುಖವೆಂದುಕೊಂಡರೆ 4 ಮತ್ತು 8ರ ಜಾಗದಲ್ಲಿ ಚರ್ಮದ ಕೆಳಗೆ ಎರಡು ಪುಟ್ಟ ಚೀಲಗಳಿರುತ್ತವೆ. ಅವು ಕಟ್ಟಿಕೊಂಡರೆ ನೋವು, ಸೋಂಕಾದರೆ ಒಂದು ಪಕ್ಕ ಕೆಂಪಗೆ ಉಬ್ಬಿ ಕೊನೆಗೆ ಒಡೆಯುತ್ತದೆ. ಊದಿಕೊಂಡ ಚೀಲವನ್ನು ಮನೆಯಲ್ಲಿ ಹಿಂಡಲು ಹೋಗಬೇಡಿ. ಒಳಗೇ ಒಡೆಯುವ ಅಪಾಯವಿದೆ.

ಹೆಣ್ಣುನಾಯಿಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಕೆಲವು ನಾಯಿಗಳ ಯೋನಿ ಒಳಕ್ಕೆ ಸರಿದು, ಮೇಲಿನಿಂದ ಚರ್ಮದ ಮಡಿಕೆ ಇಳಿಬಿದ್ದಿರುತ್ತದೆ. ಮೈ ಬಂದಂತೆಲ್ಲ ಮಡಿಕೆ ಆಳವಾಗುತ್ತದೆ. ಅಲ್ಲಿ ಮೂತ್ರದ ಹನಿ ನಿಂತು ಚರ್ಮ ಬೇಯುತ್ತದೆ, ಮೂತ್ರನಾಳದ ಸೋಂಕೂ ಜೊತೆಗೂಡುತ್ತದೆ. ಇಂಥ ನಾಯಿಗೆ ಎಷ್ಟು ಮುಲಾಮು ಹಚ್ಚಿದರೂ ತೂಕ ಇಳಿಯದೆ ಪೂರ್ತಿ ಗುಣವಾಗುವುದಿಲ್ಲ. ಹಟಮಾರಿ ಪ್ರಸಂಗಗಳಲ್ಲಿ ಮಡಿಕೆಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ವಯಸ್ಸಾದ ನಾಯಿ ಮಲಗಿದಲ್ಲೇ ಮೂತ್ರ ಸೋರಿಸಿಕೊಳ್ಳುತ್ತಿದ್ದರೂ ತೊಡೆಯ ಒಳಭಾಗ ಹೀಗೇ ಸುಡುತ್ತದೆ. ಅಲ್ಲಿ ಚಿಕಿತ್ಸೆ ಬೇಕಾದದ್ದು ಸೋರುವಿಕೆಗೆ.

ಗಂಡುನಾಯಿಯ ಮುಂದೊಗಲ ತುದಿಯಲ್ಲಿ ತುಸು ಹಳದಿ-ಹಸಿರು ಲೋಳೆ ಕಾಣುವುದು ಸಹಜ. ಅದು ಹೆಚ್ಚಿದರೆ, ರಕ್ತ ಕಂಡರೆ, ಊದಿಕೊಂಡರೆ ಮಾತ್ರ ತೋರಿಸಬೇಕು.

ಮನೆಯಲ್ಲಿ ಮಾಡಬಹುದಾದದ್ದು

ನಾಯಿ ಲವಲವಿಕೆಯಿಂದಿದ್ದು, ಚೆನ್ನಾಗಿ ತಿನ್ನುತ್ತಿದ್ದು, ಚರ್ಮ ಒಡೆಯದೆ ಬರೀ ಕೆಂಪಾಗಿದ್ದರೆ ಒಂದೆರಡು ದಿನ ಮನೆಯಲ್ಲೇ ನೋಡಿಕೊಳ್ಳಬಹುದು. ಮೊದಲ ಕೆಲಸ ನಾಲಿಗೆಯನ್ನು ತಡೆಯುವುದು. ಕೊರಳಿಗೆ ಹಾಕುವ ಕೋನ್ ನೋಡಲು ಪಾಪ ಎನಿಸಿದರೂ, ನನ್ನ ಅಭಿಪ್ರಾಯದಲ್ಲಿ ಅಂಗಡಿಯ ಯಾವ ಟ್ಯೂಬಿಗಿಂತಲೂ ಅದರ ಕೆಲಸ ದೊಡ್ಡದು. ಅಳತೆ ಸರಿಯಿರಬೇಕು: ಕೋನಿನ ಅಂಚು ಮೂಗಿನ ತುದಿಗಿಂತ ತುಸು ಮುಂದಿರಬೇಕು, ಕೊರಳ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಗಾಳಿ ತುಂಬಿದ ಉಂಗುರದಂಥವು ಆರಾಮ ಹೌದು, ಆದರೆ ಉದ್ದ ಮೂತಿಯ ನಾಯಿಗಳು ಅದನ್ನು ಹಾಕಿಕೊಂಡೇ ಪಾದವನ್ನೂ ಬಾಲದ ಬುಡವನ್ನೂ ಮುಟ್ಟಿಬಿಡುತ್ತವೆ. ಬಟ್ಟೆ ತೊಡಿಸುವವರೂ ಇದ್ದಾರೆ. ಗಾಳಿಯಾಡದ ಬಟ್ಟೆಯ ಮೇಲಿಂದಲೇ ನಾಯಿ ನೆಕ್ಕಿದರೆ ಒದ್ದೆ ಬಟ್ಟೆ ಇಡೀ ದಿನ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಮೊದಲಿಗಿಂತ ಕೆಡುಕು.

ಎರಡನೆಯದು ತೊಳೆಯುವುದು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಹಾಕಿದರೆ ದೇಹದ ದ್ರವಕ್ಕೆ ಹೊಂದುವ ಸಲೈನ್ ತಯಾರಾಗುತ್ತದೆ. ಇದನ್ನು ಉಗುರುಬೆಚ್ಚಗೆ ಮಾಡಿ, ಗಾಜ್ ಬಟ್ಟೆಯಲ್ಲಿ ಅದ್ದಿ, ಕೆಂಪಾದ ಜಾಗದ ಮೇಲೆ ಕೆಲವು ನಿಮಿಷ ಇಟ್ಟು, ಮೆಲ್ಲಗೆ ಒತ್ತಿ ತೆಗೆಯಬೇಕು. ಉಜ್ಜುವಂತಿಲ್ಲ. ದಿನಕ್ಕೆ ಎರಡು ಸಲ ಸಾಕು. ಹತ್ತಿ ಬೇಡ, ಅದರ ಎಳೆಗಳು ರಸಿಗೆ ಅಂಟುತ್ತವೆ. ಕೂದಲು ಗಂಟುಗಟ್ಟಿ ರಸಿ ಹಿಡಿದಿಟ್ಟುಕೊಂಡಿದ್ದರೆ ಟ್ರಿಮ್ಮರ್‌ನಿಂದ ಗಿಡ್ಡ ಮಾಡಬಹುದು. ಕತ್ತರಿಯನ್ನಂತೂ ಈ ಜಾಗಗಳಲ್ಲಿ ಮುಟ್ಟಬಾರದು. ತೊಡೆಸಂದಿಯ ಚರ್ಮ ಎಷ್ಟು ಸಡಿಲ, ಎಷ್ಟು ತೆಳು ಎಂದರೆ ಕೂದಲಿನ ಜೊತೆ ಅದೂ ಕತ್ತರಿಯ ಬಾಯಿಗೆ ಬಂದದ್ದು ಗೊತ್ತೇ ಆಗುವುದಿಲ್ಲ.

ಮೂರನೆಯದು, ಹೆಚ್ಚಿನವರು ಬಿಟ್ಟೇಬಿಡುವ ಕೆಲಸ: ಒಣಗಿಸುವುದು. ತೊಳೆದು ಒದ್ದೆಯಾಗಿಯೇ ಬಿಟ್ಟ ಮಡಿಕೆಯಲ್ಲಿ ಯೀಸ್ಟ್ ಇನ್ನಷ್ಟು ಬೆಳೆಯುತ್ತದೆ. ಒಣ ಬಟ್ಟೆಯಿಂದ ಒತ್ತಿ ಒತ್ತಿ ಪಸೆ ತೆಗೆದು, ಮಡಿಕೆಯನ್ನು ಬಿಡಿಸಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ ಮಾತ್ರ.

ನೋವಿರುವ ಜಾಗವನ್ನು ಮುಟ್ಟಿದರೆ ಅತಿ ಸಾಧು ನಾಯಿಯೂ ಕಚ್ಚೀತು. ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಮೈ ಮರಗಟ್ಟುವುದು ಎಲ್ಲ ಎಚ್ಚರಿಕೆ. ಒಬ್ಬರು ತಲೆಯ ಬಳಿ ತಿಂಡಿ ಹಿಡಿದು ಕೂತರೆ ಇನ್ನೊಬ್ಬರ ಕೆಲಸ ಸಲೀಸು. ಬಲವಂತವಾಗಿ ಅದುಮಿ ಹಿಡಿದರೆ ನಾಳೆ ಹತ್ತಿರಕ್ಕೇ ಬರುವುದಿಲ್ಲ.

ಸೋಂಕುನಿವಾರಕ ಬೇಕೇ ಬೇಕಾದರೆ ನಾಯಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಲೋರ್‌ಹೆಕ್ಸಿಡಿನ್. ಇಲ್ಲಿ ಸಾಂದ್ರತೆಯೇ ಎಲ್ಲ. ಶಾಂಪೂವಿನಲ್ಲಿ ಅದು 2ರಿಂದ 4% ಇರುತ್ತದೆ. ಹಚ್ಚಿ ಸುಮಾರು 10 ನಿಮಿಷ ಬಿಟ್ಟು ಪೂರ್ತಿ ತೊಳೆಯಬೇಕು. ತೆರೆದ ಗಾಯ ತೊಳೆಯುವ ದ್ರಾವಣವಾದರೆ 0.05% ಸಾಕು. ವೈದ್ಯರು ಕೈ ತೊಳೆಯಲು ಬಳಸುವ ಸ್ಕ್ರಬ್ ಎಂಬ ಗಾಢ ದ್ರಾವಣವನ್ನು ನೀರು ಬೆರೆಸದೆ ಹಾಗೇ ವೃಷಣದ ಚೀಲಕ್ಕೋ ಯೋನಿಯ ಒಳ ಅಂಚಿಗೋ ಹಚ್ಚಿದರೆ ಚರ್ಮ ಸುಟ್ಟಂತಾಗುತ್ತದೆ. ಕಣ್ಣಿಗೆ ತಾಗಲೇಬಾರದು, ವೈದ್ಯರು ನೋಡದೆ ಕಿವಿಯೊಳಗೂ ಹಾಕಬಾರದು. ಲೇಬಲ್ಲಿನಲ್ಲಿ ಆಲ್ಕೋಹಾಲ್ ಇದೆಯೇ ಎಂದೂ ನೋಡಿಕೊಳ್ಳಿ.

ಕಪಾಟಿನಲ್ಲೇ ಇರಲಿ

ನಮ್ಮ ಕಪಾಟಿನಲ್ಲಿರುವ ಟ್ಯೂಬುಗಳು ಮನುಷ್ಯರಿಗೆ ತಯಾರಾದದ್ದು, ಅಂದರೆ ಹಚ್ಚಿದ ಜಾಗವನ್ನು ಯಾರೂ ನೆಕ್ಕುವುದಿಲ್ಲ ಎಂದುಕೊಂಡು ತಯಾರಾದದ್ದು. ಮಕ್ಕಳ ಡಯಾಪರ್ ದದ್ದಿಗೆ ಹಚ್ಚುವ ಬಿಳಿ ಕ್ರೀಮಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ. ಕೂಸಿಗೆ ಹಚ್ಚಿದ್ದೇ ಇದು, ಎಷ್ಟು ಸೌಮ್ಯ ಎಂದು ಮನಸ್ಸು ಹೇಳುತ್ತದೆ. ನಾಯಿ ಅದನ್ನು ನೆಕ್ಕಿದರೆ ವಾಂತಿಯಾಗುತ್ತದೆ, ದಿನವೂ ನೆಕ್ಕುತ್ತಿದ್ದರೆ ಸತುವು ಮೈಸೇರಿ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್ ಇನ್ನೂ ಭಯಂಕರ. ಅದು ವಿಟಮಿನ್ ಡಿ ಸಂಬಂಧಿ, ಸ್ವಲ್ಪವೇ ಹೊಟ್ಟೆಗೆ ಹೋದರೂ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ಕೆಲವು ಚರ್ಮದ ಗಂಟುಗಳಿಗೆ ಕೊಡುವ ಫ್ಲೋರೋಯುರಾಸಿಲ್ ಕ್ರೀಮಂತೂ ನಾಯಿಗೆ ಪ್ರಾಣಾಂತಕ. ಮೈಕೈ ನೋವಿನ ಡೈಕ್ಲೋಫಿನ್ಯಾಕ್ ಜೆಲ್, ಟೀ ಟ್ರೀ ಎಣ್ಣೆ ಕೂಡ ಇದೇ ಸಾಲಿಗೆ.

ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಒಟ್ಟಿಗೆ ಬೆರೆಸಿದ ಕ್ರೀಮುಗಳ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಇವು ಎರಡೇ ದಿನದಲ್ಲಿ ಕೆಂಪು ಇಳಿಸುತ್ತವೆ, ಅದಕ್ಕೇ ಜನಪ್ರಿಯ. ಇಳಿಸಿದ್ದು ಸ್ಟೀರಾಯ್ಡ್, ಕಾರಣ ಅಲ್ಲೇ ಇದೆ. ತೆಳು ಚರ್ಮದ ಮೇಲೆ ಬಲವಾದ ಸ್ಟೀರಾಯ್ಡ್ ವಾರಗಟ್ಟಲೆ ಬಿದ್ದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಜ್ಜಿಯ ನುಸಿಯಿದ್ದರೆ ಅದಕ್ಕೆ ಹಬ್ಬ.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಮಾಯುತ್ತಿರುವ ಹೊಸ ಕೋಶಗಳನ್ನೇ ಸುಡುತ್ತವೆ. ವಿನೆಗರ್, ನಿಂಬೆರಸ ಬಿರಿದ ಚರ್ಮಕ್ಕೆ ಬಿದ್ದರೆ ಉರಿ ಹೇಳತೀರದು. ಪೌಡರ್ ರಸಿಯ ಜೊತೆ ಸೇರಿ ಗಟ್ಟಿ ಹರಳಾಗಿ ಮಡಿಕೆಯಲ್ಲಿ ಉಜ್ಜುತ್ತದೆ. ಎಣ್ಣೆ ಒಣಗಿ ಬಿರಿದ ಪಾದಕ್ಕೆ ಪರವಾಗಿಲ್ಲ, ರಸಿಯಾಡುವ ಮಡಿಕೆಗೆ ಅಲ್ಲ. ಪಸೆಯನ್ನು ಒಳಗೇ ಮುಚ್ಚಿಬಿಡುತ್ತದೆ.

ಅಪ್ಪಿತಪ್ಪಿ ಇಂಥದ್ದನ್ನು ನೆಕ್ಕಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಟ್ಯೂಬನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿ ಓಡಿ. ಹೆಸರು, ಸಾಂದ್ರತೆ, ಎಷ್ಟು ಖಾಲಿಯಾಗಿದೆ ಎಂಬುದೇ ಅವರಿಗೆ ಬೇಕಾದ ಮಾಹಿತಿ.

ಇದರ ತಲೆಕೆಳಗಾದ ಒಂದು ಪ್ರಸಂಗವೂ ಇದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಯ ಯೋನಿ ಬೆದೆಗೆ ಬಂದಂತೆ ಊದಿಕೊಳ್ಳುತ್ತದೆ, ಕೂದಲು ಉದುರುತ್ತದೆ, ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ. ಕೊನೆಗೆ ನೋಡಿದರೆ ಮನೆಯಾಕೆ ಮುಟ್ಟು ನಿಂತ ಮೇಲಿನ ತೊಂದರೆಗೆ ತೋಳಿಗೆ ಈಸ್ಟ್ರೊಜೆನ್ ಜೆಲ್ ಹಚ್ಚಿಕೊಳ್ಳುತ್ತಿರುತ್ತಾರೆ, ನಾಯಿ ಆ ತೋಳನ್ನು ನೆಕ್ಕುತ್ತಿರುತ್ತದೆ. ವೈದ್ಯರಿಗೆ ಹೇಳಲು ಸಂಕೋಚವಾಗುವ ವಿಷಯ, ಆದರೆ ಹೇಳಲೇಬೇಕಾದದ್ದು.

ವೈದ್ಯರ ಬಳಿ ಏನಾಗುತ್ತದೆ

ತಡಮಾಡದೆ ಹೋಗಬೇಕಾದ ಸಂದರ್ಭಗಳನ್ನು ಮೊದಲೇ ಹೇಳಿಬಿಡುತ್ತೇನೆ. ಶಿಶ್ನ ಹೊರಬಂದು ಒಳಕ್ಕೆ ಹೋಗದೆ ಊದಿಕೊಂಡಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು. ಸಂತಾನಹರಣವಾಗದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಮಂಕಾಗಿ, ನೀರು ಹೆಚ್ಚು ಕುಡಿಯುತ್ತಾ, ಯೋನಿಯಿಂದ ಕೀವಿನಂಥ ಸ್ರಾವವಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಮೂತ್ರಕ್ಕೆ ತಿಣುಕಿಯೂ ಬಾರದಿದ್ದರೆ, ಗಾಯದಲ್ಲಿ ಹುಳು ಕಂಡರೆ, ಕೆಂಪು ಕೆಲವೇ ಗಂಟೆಗಳಲ್ಲಿ ಅಂಗೈಯಗಲ ಹಬ್ಬಿದರೆ ನಾಳೆಗೆ ಇಡಬೇಡಿ. ಉಳಿದಂತೆ ಎರಡು ದಿನದಲ್ಲಿ ಇಳಿಮುಖ ಕಾಣದಿದ್ದರೂ ಹೋಗಲೇಬೇಕು.

ಒಳ್ಳೆಯ ವೈದ್ಯರು ಕೆಂಪು ಕಂಡ ಕೂಡಲೇ ಇಂಜೆಕ್ಷನ್ ಎತ್ತುವುದಿಲ್ಲ. ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬ್ಯಾಕ್ಟೀರಿಯಾವೋ ಯೀಸ್ಟೋ ಎಂಬುದು ಅಲ್ಲೇ, ಆಗಲೇ ಗೊತ್ತಾಗುತ್ತದೆ. ನುಸಿಗಾಗಿ ಚರ್ಮವನ್ನು ಮೆಲ್ಲಗೆ ಕೆರೆದು ನೋಡುತ್ತಾರೆ. ಮೇಲ್ಪದರದ ಸೋಂಕಿಗೆ ಔಷಧಿಯುಕ್ತ ಶಾಂಪೂ, ಒರೆಸುವ ವೈಪ್ಸ್ ಸಾಕೆಂಬುದೇ ಇಂದಿನ ಒಲವು. ಯೀಸ್ಟ್ ಇದ್ದರೆ 2% ಕ್ಲೋರ್‌ಹೆಕ್ಸಿಡಿನ್, 2% ಮೈಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆತ ಶಾಂಪೂ ವಾರಕ್ಕೆ ಎರಡು ಸಲ. ಮಾತ್ರೆಯ ಆಂಟಿಬಯೋಟಿಕ್ ಆಳದ ಸೋಂಕಿಗೆ ಮೀಸಲು. ಮಾತ್ರೆ ಕೊಡಲಿಲ್ಲವೆಂದು ಬೇಸರಿಸುವ ಮಾಲೀಕರಿಗೆ ಇದು ಗೊತ್ತಿರಲಿ: ಔಷಧಿಗೆ ಬಗ್ಗದ ಸ್ಟೆಫೈಲೊಕಾಕಸ್ ನಾಯಿಗಳಲ್ಲಿ ಈಗಾಗಲೇ ದೊಡ್ಡ ತಲೆನೋವು.

ನವೆ ತಾಳಲಾರದಷ್ಟಿದ್ದರೆ ಕೆಲವು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ಆಗ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಯೋನಿಯ ಮಡಿಕೆಯಲ್ಲೇ ತೊಂದರೆಯಿರುವ ನಾಯಿಗೆ ಇದು ಮುಖ್ಯ ವಿಚಾರ. ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆದ ಓಕ್ಲಾಸಿಟಿನಿಬ್ ಮಾತ್ರೆ ನವೆಯ ಸಂಕೇತವನ್ನು ಬೇಗ ತಡೆಯುತ್ತದೆ, ಆದರೆ ಒಂದು ವರ್ಷಕ್ಕಿಂತ ಚಿಕ್ಕ ನಾಯಿಗಳಿಗಲ್ಲ. ಲೋಕಿವೆಟ್‌ಮ್ಯಾಬ್ ಎಂಬುದು ತಿಂಗಳಿಗೊಮ್ಮೆ ಕೊಡಬಹುದಾದ ಚುಚ್ಚುಮದ್ದು, ಇಂಟರ್‌ಲ್ಯುಕಿನ್ 31 ಎಂಬ ತುರಿಕೆಯ ಪ್ರೋಟೀನನ್ನು ಮಾತ್ರ ಹಿಡಿದುಹಾಕುತ್ತದೆ. ಇವೆರಡೂ ನವೆಯನ್ನು ನಿಲ್ಲಿಸುತ್ತವೆ, ಅಲರ್ಜಿಯನ್ನು ಅಲ್ಲ.

ಆಹಾರದ ಅಲರ್ಜಿಯ ಗುಮಾನಿಯಿದ್ದರೆ ದಾರಿ ಒಂದೇ. ನಾಯಿ ಹಿಂದೆಂದೂ ತಿನ್ನದ ಪ್ರೋಟೀನ್ ಅಥವಾ ವೈದ್ಯರು ಸೂಚಿಸಿದ ವಿಶೇಷ ಆಹಾರವನ್ನು ಮಾತ್ರ ಕನಿಷ್ಠ 8 ವಾರ ಕೊಟ್ಟು, ಆಮೇಲೆ ಹಳೆಯ ಆಹಾರಕ್ಕೆ ಮರಳಿ ನವೆ ಬರುತ್ತದೆಯೇ ಎಂದು ನೋಡುವುದು. ಕೂದಲು, ಎಂಜಲು ಕಳಿಸಿ ಮಾಡಿಸುವ ಆಹಾರ ಅಲರ್ಜಿ ಪರೀಕ್ಷೆಗಳನ್ನು ನಂಬಿ ಹಣ ಕಳೆಯುವುದು ಬೇಡ. 8 ವಾರದಲ್ಲಿ ಮನೆಯ ಯಾರೋ ಒಬ್ಬರು ಮೇಜಿನ ಕೆಳಗೆ ಒಂದು ತುಣುಕು ಕೊಟ್ಟರೂ ಪ್ರಯೋಗ ಕೆಟ್ಟಂತೆ, ಕಷ್ಟವಿರುವುದು ಅಲ್ಲೇ.

ಗುಣವಾಗುವ ಗತಿ

ನಾಯಿಯ ಹೊರಚರ್ಮ ಪೂರ್ತಿ ಹೊಸದಾಗಲು ಸುಮಾರು 3 ವಾರ ಬೇಕು. ನವೆ ಮತ್ತು ಕೆಂಪು ಮೊದಲು ಇಳಿಯುತ್ತವೆ, ದಪ್ಪಗಾದ ಚರ್ಮ ನಿಧಾನಕ್ಕೆ ಮೆದುವಾಗುತ್ತದೆ, ಕಪ್ಪು ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ. ಬಣ್ಣ ಉಳಿದಿದೆಯೆಂದು ಔಷಧಿ ಮುಂದುವರಿಸುವುದೂ, ಕೆಂಪು ಇಳಿಯಿತೆಂದು ನಾಲ್ಕನೆಯ ದಿನ ನಿಲ್ಲಿಸುವುದೂ ಸರಿಯಲ್ಲ. ಮರುಭೇಟಿಯಲ್ಲಿ ಮತ್ತೊಮ್ಮೆ ಟೇಪ್ ಒತ್ತಿ ನೋಡಿ ವೈದ್ಯರೇ ಹೇಳಲಿ.

ಕೋನ್ ತೆಗೆಯಲು ಆತುರ ಬೇಡ. ಚರ್ಮ ಒಣಗಿ, ಮುಟ್ಟಿದರೆ ನಾಯಿ ಬೆಚ್ಚದಂತಾದ ಮೇಲೆ, ನೀವು ಎದುರಿಗೆ ಕೂತಿರುವಾಗ ಅರ್ಧ ಗಂಟೆ ತೆಗೆದು ನೋಡಿ. ಒಂದೆರಡು ಸಲ ಮೂಸಿ ಸುಮ್ಮನೆ ಮಲಗಿದರೆ ಮರುದಿನ ಇನ್ನೂ ಹೆಚ್ಚು ಹೊತ್ತು ಬಿಡಬಹುದು. ನೇರವಾಗಿ ಅದೇ ಜಾಗಕ್ಕೆ ಬಾಯಿ ಹಾಕಿದರೆ ಮತ್ತೆ ಹಾಕಿ. ರಾತ್ರಿಯ ಹೊತ್ತು ಕೋನ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ನೀವು ಮಲಗಿರುವಾಗ ನಾಯಿಗೆ ನೆಕ್ಕಲು ಆರೇಳು ಗಂಟೆ ಪುರುಸೊತ್ತು.